ಕಾಲಿದ್ದವರ ಹಂಪೆ

ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬುದು ನಮ್ಮ ಕಡೆಯ ಹಳೆಯ ಮಾತು. ನನ್ನ ಅವ್ವ ಇದನ್ನು ಹೇಳುವಾಗ ‘ಕಾಲು’ ಎಂಬ ಮಾತಿನ ಮೇಲೆ ಒತ್ತು ಕೊಟ್ಟೇ ಹೇಳುತ್ತಿದ್ದಳು. ಹಂಪೆ ದೊಡ್ಡದು, ನಡೆದು ನೋಡದೆ ದಕ್ಕುವುದಿಲ್ಲ ಎನ್ನುವುದು ಒಂದರ್ಥ. ಕಾಲು ಗಟ್ಟಿಯಿದ್ದರೆ ಸಾಕು, ಮತ್ತೇನೂ ಬೇಡ, ಯಾರ ಅಪ್ಪಣೆಯೂ ಬೇಡ, ಸೆರಗಿನ ಗಂಟಿನಲ್ಲಿ ಹೆಚ್ಚು ಕಾಸೂ ಬೇಡ ಎನ್ನುವುದು ಇನ್ನೊಂದರ್ಥ. ಈ ಎರಡನೆಯದು ನನಗೆ ಹೊಳೆದದ್ದು ಅರವತ್ತೈದನೆಯ ವಯಸ್ಸಿನಲ್ಲಿ. ಅದೂ ಎಲ್ಲಿ ಅನ್ನುತ್ತೀರಿ? ಹಂಪೆಗೆ ಅರ್ಧ ತಾಸಿನ ದಾರಿಯಲ್ಲಿರುವ ಒಂದು ರೆಸಾರ್ಟಿನಲ್ಲಿ, ನಮ್ಮ ಮನೆಯ ನಡುಮನೆಗಿಂತ ದೊಡ್ಡದಾದ ಬಚ್ಚಲಿನಲ್ಲಿ ನಿಂತಿದ್ದಾಗ.

ಅಲ್ಲಿಗೆ ನಾನು ನನ್ನ ಇಚ್ಛೆಯಿಂದ ಹೋದವಳಲ್ಲ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗಳು ನನ್ನ ಅರವತ್ತೈದರ ಹುಟ್ಟುಹಬ್ಬಕ್ಕೆಂದು 2024ರ ಚಳಿಗಾಲದಲ್ಲಿ ಎರಡು ರಾತ್ರಿಗೆ ಕೋಣೆ ಕಾಯ್ದಿರಿಸಿಬಿಟ್ಟಿದ್ದಳು. “ಅಮ್ಮ, ಜೀವಮಾನವೆಲ್ಲ ಸಾಲಿ ಹುಡುಗಿಯರನ್ನು ಕಟ್ಟಿಕೊಂಡು ಬಿಸಿಲಿನಲ್ಲಿ ಸುತ್ತಿದ್ದೀ. ಒಮ್ಮೆಯಾದರೂ ಸುಖವಾಗಿ ಹಂಪಿ ನೋಡು” ಎಂದಳು. ಮಗಳ ಪ್ರೀತಿ ದೊಡ್ಡದು. ಬೇಡವೆನ್ನಲು ನಾನ್ಯಾರು? ಬಾಡಿಗೆ ಎಷ್ಟೆಂದು ಅವಳು ಹೇಳಲಿಲ್ಲ. ಹೊರಡುವ ದಿನ ಬಿಲ್ಲಿನ ಕಾಗದ ನನ್ನ ಕಣ್ಣಿಗೆ ಬಿತ್ತು. ಒಂದು ರಾತ್ರಿಯ ಬಾಡಿಗೆ ನನ್ನ ಒಂದು ತಿಂಗಳ ಪಿಂಚಣಿಗಿಂತ ಹೆಚ್ಚಾಗಿತ್ತು. ಮೂವತ್ತೆರಡು ವರ್ಷ ಪಾಠ ಹೇಳಿ ಗಳಿಸಿದ ಪಿಂಚಣಿ!

ಮೊದಲು ನನ್ನ ಹಂಪೆಯ ಮಾತು ಹೇಳಿಬಿಡುತ್ತೇನೆ. ನಾನು ಅದನ್ನು ಮೊದಲು ನೋಡಿದ್ದು 1968ರ ಚೈತ್ರದಲ್ಲಿ, ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡ ಸತ್ತ ಹೆಂಗಸು ಊರು ಬಿಟ್ಟು ಹೊರಡಬೇಕಾದರೆ ಆ ಕಾಲದಲ್ಲಿ ದೇವರ ನೆಪವೊಂದೇ ಇದ್ದದ್ದು, ಇದು ನಿಮಗೂ ಗೊತ್ತು. ಗದಗಿನಿಂದ ಹೊಸಪೇಟೆಗೆ ಮೀಟರ್ ಗೇಜ್ ರೈಲು, ಅಲ್ಲಿಂದ ಯಾರದೋ ಚಕ್ಕಡಿ. ಅವ್ವನ ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಒಂದು ಜೊತೆ ಸೀರೆ. ಓಣಿಯ ಇನ್ನೂ ಐದಾರು ಹೆಂಗಸರು ಜೊತೆಗಿದ್ದರು. ತೇರು ನೋಡಿ, ಹೊಳೆಯಲ್ಲಿ ಮಿಂದು, ರಾತ್ರಿ ವಿರೂಪಾಕ್ಷನ ಬಜಾರದ ಕಲ್ಲು ಮಂಟಪವೊಂದರಲ್ಲಿ ಸಾಲಾಗಿ ಮಲಗಿದೆವು. ಹಗಲಿನ ಬಿಸಿಲಿಗೆ ಕಾದ ಕಲ್ಲು ನಡುರಾತ್ರಿಯವರೆಗೂ ಬೆಚ್ಚಗಿತ್ತು. ಪಕ್ಕದ ಮಂಟಪದಲ್ಲಿ ಸಂಸಾರ ಹೂಡಿದ್ದ ಒಬ್ಬಾಕೆ ಕೊಡಪಾನದಲ್ಲಿ ಕುಡಿಯುವ ನೀರು ತಂದಿಟ್ಟು, “ಮಕ್ಕಳು ನಡುರಾತ್ರ್ಯಾಗ ನೀರು ಕೇಳತಾವ, ಕತ್ತಲದಾಗ ಹೊಳಿಗೆ ಹೋಗಬ್ಯಾಡ್ರಿ” ಎಂದು ಹೇಳಿ ಹೋದಳು. ಆ ರಾತ್ರಿ ಅವ್ವ ನಕ್ಕಳು. ಅಪ್ಪ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲೆ ಶಿಕ್ಷಕಿಯಾಗಿ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಪ್ರತಿ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯರ ಪ್ರವಾಸ. ಅದರ ಸಂಕಟ ಬೇರೆ. ಅರವತ್ತು ಹುಡುಗಿಯರು, ಒಂದು ಬಸ್ಸು, ದಿನವಿಡೀ ಬಿಸಿಲು. ಅವರಲ್ಲಿ ಐದಾರು ಮಂದಿಗಾದರೂ ಮುಟ್ಟಿನ ದಿನಗಳು. ಕಲ್ಲಿನ ರಥದ ಮುಂದೆ ನಿಂತು ನಾನು ಕೃಷ್ಣದೇವರಾಯನ ಬಗ್ಗೆ ಹೇಳುತ್ತಿದ್ದರೆ, ಆ ಮಕ್ಕಳು ಹೊಟ್ಟೆ ಹಿಡಿದುಕೊಂಡು ಬಂಡೆಗಳ ಮರೆ ಹುಡುಕುತ್ತಿದ್ದರು. ಬಂಡೆಗೇನು, ಹಂಪೆಯಲ್ಲಿ ಬರವೆ? ಆದರೆ ಪ್ರತಿ ಬಂಡೆಯ ಮೇಲೂ ಯಾರಾದರೊಬ್ಬ ಕುಳಿತಿರುತ್ತಿದ್ದ. ನಾಲ್ವರು ದುಪ್ಪಟ್ಟಾ ಹಿಡಿದು ಗೋಡೆ ಕಟ್ಟುವುದು, ನಡುವೆ ಒಬ್ಬಳು. ನಮ್ಮ ಹುಡುಗಿಯರು ವಿಜಯನಗರದ ಇತಿಹಾಸವನ್ನು ಕಲಿತದ್ದು ಹೀಗೆ. ಬೆಳಿಗ್ಗೆಯಿಂದ ನೀರನ್ನೇ ಕುಡಿಯದೆ ಬಂದು ಮಧ್ಯಾಹ್ನ ತಲೆ ತಿರುಗಿ ಬಿದ್ದ ಮಕ್ಕಳನ್ನು ನಾನು ಎತ್ತಿಕೊಂಡಿದ್ದೇನೆ.

ಈಗ ರೆಸಾರ್ಟಿಗೆ ಬರುತ್ತೇನೆ. ಬಾಗಿಲಲ್ಲಿ ರುಮಾಲು ಸುತ್ತಿದ ಹುಡುಗನೊಬ್ಬ ಕಹಳೆ ಊದಿದ. ಇನ್ನೊಬ್ಬಳು ಆರತಿ ಎತ್ತಿ, ಹಾರ ಹಾಕಿ, “ಸ್ವಾಗತ ಮಹಾರಾಣಿ” ಎಂದಳು. ಆ ಹುಡುಗಿಯ ಮಾತಿನಲ್ಲಿ ಕೊಪ್ಪಳದ ಕಡೆಯ ಎಳೆಯಿತ್ತು. ನಾನು “ಯಾವ ಊರವ್ವಾ?” ಎಂದು ಕೇಳಿದರೆ ಅವಳು ಒಮ್ಮೆ ಆಚೀಚೆ ನೋಡಿ ಇಂಗ್ಲಿಷಿನಲ್ಲಿ ಉತ್ತರಿಸಿದಳು. ಅತಿಥಿಗಳೊಡನೆ ಮೊದಲು ಇಂಗ್ಲಿಷೇ ಆಡಬೇಕೆಂದು ಅವರಿಗೆ ಕಟ್ಟಪ್ಪಣೆಯಂತೆ. ಕಮಾನುಗಳೆಲ್ಲ ಕಮಲ ಮಹಲಿನ ಅಚ್ಚು. ಈಜುಕೊಳದ ದಂಡೆಯ ಮೇಲೆ ಹೊಸ ಕಲ್ಲಿನಿಂದ ಕಟ್ಟಿದ ಹಾಳು ಮಂಟಪ ಬೇರೆ! ಹೌದು, ನೀವು ಸರಿಯಾಗಿಯೇ ಓದಿದಿರಿ. ಎರಡು ಕಂಬ ನೆಟ್ಟಗೆ, ಒಂದು ಕಂಬ ಬೇಕೆಂತಲೇ ಮುರಿದು ಮಲಗಿಸಿದ್ದು. ರಾತ್ರಿ ಅದರೊಳಗೆ ದೀಪ ಹಚ್ಚಿ ಊಟ ಬಡಿಸುತ್ತಾರೆ. ಅದಕ್ಕೆ ಬೇರೆ ದುಡ್ಡು. ಊಟದಲ್ಲಿ ಅಂಗೈಯಗಲದ ಜೋಳದ ರೊಟ್ಟಿ, ಪುಟ್ಟ ಬೆಳ್ಳಿ ಬಟ್ಟಲಿನಲ್ಲಿ ಶೇಂಗಾ ಹಿಂಡಿ. ಅವ್ವನ ಗಂಟಿನಿಂದ ಬೆಳ್ಳಿ ಬಟ್ಟಲಿಗೆ ಬಂದು ಕುಳಿತ ಹಿಂಡಿಯನ್ನು ಕಂಡು ನನಗೆ ನಗು ಬಂತು. ರುಚಿ ಅಷ್ಟಕ್ಕಷ್ಟೆ. ಬೆಳ್ಳುಳ್ಳಿ ಸಾಲದು.

ಸುಳ್ಳು ಹೇಳಲಾರೆ, ಸುಖವಿತ್ತು. ನನ್ನ ಬಲ ಮೊಣಕಾಲು ಐದು ವರ್ಷದಿಂದ ಕೈಕೊಟ್ಟಿದೆ. ಬಿಸಿನೀರಿನ ತೊಟ್ಟಿಯಲ್ಲಿ ಕಾಲು ಚಾಚಿ ಕುಳಿತಾಗ ಜೀವ ಹಾಯೆನಿಸಿತು. ಅವರ ಬ್ಯಾಟರಿ ಗಾಡಿ ಇರದಿದ್ದರೆ ಕೋಣೆಯಿಂದ ಊಟದ ಮನೆಗೂ ನಾನು ಕುಂಟಬೇಕಿತ್ತು. ಹಾಗಾಗಿ, ಸುಖವೇ ಪಾಪ ಎಂದು ವೈರಾಗ್ಯದ ಪಾಠ ಹೇಳಲು ನಾನು ಹೊರಟಿಲ್ಲ. ಹೆಂಗಸರ ಸುಖದ ಮೇಲೆ ಕಣ್ಣಿಡಲು ಲೋಕದಲ್ಲಿ ಸಾಕಷ್ಟು ಮಂದಿ ಇದ್ದಾರೆ, ನಾನೂ ಆ ಸಾಲಿಗೆ ಸೇರುವುದಿಲ್ಲ. ನನ್ನ ತಕರಾರು ಬೇರೆ.

ಬೆಳಿಗ್ಗೆ ಆರು ಗಂಟೆಗೆ ಅವರದೇ ಗೈಡು, ಅವರದೇ ಕಾರು. ಹೇಮಕೂಟದ ಮೇಲೆ ಸೂರ್ಯೋದಯ, ಆಮೇಲೆ ಎಂಟೂವರೆಗೆ ವಿಠ್ಠಲ ದೇವಾಲಯದ ಬಾಗಿಲು ತೆರೆದ ಕೂಡಲೇ ಒಳಗೆ, ಹತ್ತು ಗಂಟೆಯೊಳಗೆ ವಾಪಸು. “ಜನ ಬರೋದಕ್ಕೆ ಮುಂಚೆ ಮುಗಿಸಿಬಿಡೋಣ ಮೇಡಂ” ಎಂದ ಗೈಡು. ಓದಿದ ಹುಡುಗ, ಸಭ್ಯ. ಹೇಮಕೂಟದ ಬಂಡೆಯ ಮೇಲೆ ನಮ್ಮನ್ನು ಕೂರಿಸಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟು, ಇದು ನಾಲ್ಕು ನೂರೈವತ್ತು ವರ್ಷ ಕಳೆದುಹೋಗಿದ್ದ ನಗರ ಎಂದು ಕತೆ ಶುರುಮಾಡಿದ. 1565ರಲ್ಲಿ ಯುದ್ಧ, ಲೂಟಿ, ಬೆಂಕಿ, ಅಲ್ಲಿಂದ ಮುಂದೆ ಮೌನ. ಕೋಣೆಯಲ್ಲಿಟ್ಟಿದ್ದ ಬಣ್ಣದ ಪುಸ್ತಿಕೆಯಲ್ಲೂ ಅದೇ: ಕಳೆದುಹೋದ ನಗರ, ಏಕಾಂತ, ನಿಮಗಾಗಿ ಮಾತ್ರ.

ಯಾರಿಗೆ ಕಳೆದುಹೋಗಿತ್ತು ಸ್ವಾಮಿ? ನಾನು ಕೇಳಿಯೇಬಿಟ್ಟೆ. ಸಾಮ್ರಾಜ್ಯ ಬಿತ್ತು, ಅರಮನೆ ಸುಟ್ಟಿತು, ನಿಜ. ಆದರೆ ಕೆಳಗೆ ಗೋಪುರ ಕಾಣುತ್ತಿದೆಯಲ್ಲ, ಆ ವಿರೂಪಾಕ್ಷನಿಗೆ ಪೂಜೆ ನಡೆದುಕೊಂಡೇ ಬಂತು. ಮಾರ್ಗಶಿರದಲ್ಲಿ ಫಲಪೂಜೆ, ಅಂದರೆ ಪಂಪಾದೇವಿಯ ನಿಶ್ಚಿತಾರ್ಥ, ಚೈತ್ರದಲ್ಲಿ ಅವಳ ಮದುವೆ ಮತ್ತು ತೇರು. ಅರಸರ ಕಾಲದ ತುರ್ತು ಕಾಲುವೆಯಲ್ಲಿ ಇಂದಿಗೂ ನೀರು ಹರಿದು ಬಾಳೆಯ ತೋಟಗಳಿಗೆ ಹೋಗುತ್ತಿದೆ. ಸುತ್ತಲಿನ ಹತ್ತಾರು ಊರುಗಳ ಜನಕ್ಕೆ ಹಂಪೆ ಎಂದೂ ಕಳೆದಿರಲಿಲ್ಲ. ಕಳೆದುಹೋಗಿದ್ದದ್ದು ದೂರದವರಿಗೆ. 1800ರ ಆಸುಪಾಸಿನಲ್ಲಿ ಕಾಲಿನ್ ಮೆಕೆಂಜಿ ಬಂದು ಅಳೆದ, 1856ರಲ್ಲಿ ಗ್ರೀನ್‌ಲಾ ಫೋಟೋ ತೆಗೆದ, 1900ರಲ್ಲಿ ಸಿವೆಲ್ ಸಾಹೇಬ ಪುಸ್ತಕ ಬರೆದು ‘ಮರೆತುಹೋದ ಸಾಮ್ರಾಜ್ಯ’ ಎಂದು ಹೆಸರಿಟ್ಟ. ಅವರ ಉಪಕಾರ ದೊಡ್ಡದು, ನಾನು ಅಲ್ಲಗಳೆಯುವುದಿಲ್ಲ. ಪಾಯೆಸ್, ನ್ಯೂನಿಜ್ ಎಂಬ ಪೋರ್ಚುಗೀಸರು ಬರೆದಿಟ್ಟದ್ದನ್ನು ಇಂಗ್ಲಿಷಿಗೆ ತಂದುಕೊಟ್ಟವನು ಸಿವೆಲ್‌ನೇ. ಆದರೆ ‘ಕಳೆದುಹೋದ’ ಎಂಬ ಮಾತು ಈಗ ವ್ಯಾಪಾರದ ಸರಕಾಗಿದೆ. ಕಳೆದುಹೋದದ್ದಕ್ಕೆ ವಾರಸುದಾರರಿರುವುದಿಲ್ಲ ನೋಡಿ. ವಾರಸುದಾರರಿಲ್ಲದ ಮಾಲನ್ನು ಯಾರು ಬೇಕಾದರೂ ಮಾರಬಹುದು.

ಆ ಪೋರ್ಚುಗೀಸರ ಮಾತು ಬಂತು, ಸ್ವಲ್ಪ ನಿಲ್ಲುತ್ತೇನೆ. ಸುಮಾರು 1520ರಲ್ಲಿ ಬಂದ ಪಾಯೆಸ್ ಕಂಡ ವಿಜಯನಗರ ಎಂಥದು? ದ್ರಾಕ್ಷಿ, ಕಿತ್ತಳೆ, ನಿಂಬೆ, ದಾಳಿಂಬೆ, ಹಲಸು, ಮಾವು ರಾಶಿರಾಶಿಯಾಗಿ, ಬಹಳ ಅಗ್ಗವಾಗಿ ಸಿಗುವ ಬಜಾರಗಳ ಊರು. ರತ್ನದ ಮಾತು ಇದ್ದೇ ಇದೆ, ಅದರ ಜೊತೆಗೇ ನಿಂಬೆಹಣ್ಣೂ ಇದೆ. 1530ರ ದಶಕದಲ್ಲಿದ್ದ ಕುದುರೆ ವ್ಯಾಪಾರಿ ನ್ಯೂನಿಜ್ ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರನ್ನೂ ಲೆಕ್ಕ ಬರೆಯುವ ಹೆಂಗಸರನ್ನೂ ಹೆಸರಿಸುತ್ತಾನೆ. ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯರಿದ್ದಾರೆ, ಹೋದಾಗ ನೋಡಿ. ರೆಸಾರ್ಟಿನವರಿಗೆ ಇವರಾರೂ ಬೇಡ. ಅವರಿಗೆ ಗೊತ್ತಿರುವ ಹೆಣ್ಣು ಒಬ್ಬಳೇ: ಕೊಳದಲ್ಲಿ ಹೂವಿನ ಎಸಳು ತೇಲಿಬಿಟ್ಟು ಮೈಚಾಚುವ ಮಹಾರಾಣಿ. ಲೆಕ್ಕ ಬರೆಯುವವಳ ವಂಶದವಳು ನಾನು, ಕಿರೀಟ ಇಟ್ಟರೆ ತಲೆ ತುರಿಸುತ್ತದೆ.

ಎರಡನೆಯ ದಿನ ಮಧ್ಯಾಹ್ನ ಮಗಳು ಮಲಗಿದ್ದಾಗ ಸದ್ದಿಲ್ಲದೆ ಆಟೋ ಹಿಡಿದು ವಿರೂಪಾಕ್ಷನ ಗುಡಿಗೆ ಹೋದೆ. ಜನವೋ ಜನ. ಕಾಗಿನೆಲೆ ಕಡೆಯಿಂದ ಬಂದ ಇಪ್ಪತ್ತು ಮಂದಿ ಹೆಂಗಸರ ಗುಂಪೊಂದು ಗೋಪುರದ ನೆರಳಿನಲ್ಲಿ ಬುತ್ತಿ ಬಿಚ್ಚಿತ್ತು. ಮೂರು ಬಸ್ಸು ಬದಲಿಸಿ ಬಂದಿದ್ದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟು ಇಲ್ಲದಂತಾಯಿತಲ್ಲ, ಆಮೇಲೆಯೇ ಇವರು ಊರಿನಾಚೆಯ ಲೋಕ ಕಂಡದ್ದು. ಅವರಲ್ಲೊಬ್ಬ ಅಜ್ಜಿಗೆ ಎಪ್ಪತ್ತು ದಾಟಿರಬೇಕು. ಹಂಪಿಯ ಹೆಸರನ್ನು ಹುಟ್ಟಿದಾಗಿನಿಂದ ಕೇಳಿದವಳು, ಕಂಡದ್ದು ಅಂದೇ. “ಮಕ್ಕಳು ಕರಕೊಂಡು ಬರತೇವಿ ಅಂತ ಹೇಳಿ ಹೇಳಿ ಮೊಮ್ಮಕ್ಕಳಾದವು. ಬಸ್ಸು ಫ್ರೀ ಆಗೂದಕ್ಕೂ ನಾನೇ ಎದ್ದು ಬಂದೆ ನೋಡವ್ವಾ” ಎಂದಳು. ನನಗೂ ಒಂದು ರೊಟ್ಟಿ ಕೊಟ್ಟಳು. ಆ ಹಿಂಡಿಗೆ ಬೆಳ್ಳುಳ್ಳಿ ಸರಿಯಾಗಿತ್ತು.

ಊಟವಾದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: “ಹೊರಗ ಹೋಗೂದಕ್ಕ ಎಲ್ಲೈತಿ?” ಹುಡುಕಿಕೊಂಡು ಹೋದೆವು. ಉದ್ದ ಸಾಲು. ಅಜ್ಜಿಗೆ ತಡೆಯಲಾಗಲಿಲ್ಲ. ಸೊಸೆಯಂದಿರು ಸೆರಗು ಹಿಡಿದರು, ನಾನೂ ಹಿಡಿದೆ. ದುಪ್ಪಟ್ಟಾದ ಗೋಡೆ ಕಟ್ಟಿ ಅಭ್ಯಾಸವಿದ್ದ ಕೈ.

ಆಗ ಆ ಬಚ್ಚಲುಮನೆ ನೆನಪಾಯಿತು. ಇಬ್ಬರಿಗೆ ಒಂದು. ಅಮೃತಶಿಲೆಯದು.

ಸಂಜೆ ಕಾರಿನಲ್ಲಿ ಈ ಮಾತು ತೆಗೆದೆ. ಗೈಡು ನಕ್ಕು, “ಅಯ್ಯೋ, ಫ್ರೀ ಬಸ್ಸಿನ ಜನ ಮೇಡಂ. ಇವರಿಂದ ಪ್ರವಾಸೋದ್ಯಮಕ್ಕೆ ಒಂದು ಪೈಸೆ ಹುಟ್ಟೋದಿಲ್ಲ” ಅಂದ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಈ ಮಾತನ್ನು ಅವನೊಬ್ಬನೇ ಆಡುವುದಿಲ್ಲ. ಪೇಟೆಯ ಮದುವೆಮನೆಗಳಲ್ಲಿ, ಬ್ಯಾಂಕಿನ ಸಾಲಿನಲ್ಲಿ, ನಮ್ಮಂಥ ಹೆಂಗಸರ ಬಾಯಲ್ಲೇ ಎಷ್ಟು ಸಲ ಕೇಳಿಲ್ಲ? “ಮನೆಗೆಲಸ ಬಿಟ್ಟು ಧರ್ಮಸ್ಥಳ, ಹಂಪಿ ಅಂತ ಊರೂರು ಅಲೀತಾವೆ.” ಮೂವತ್ತು ಸಾವಿರ ಕೊಟ್ಟು ಒಂದು ರಾತ್ರಿ ಬಂದು ಮಲಗಿ ಹೋದವಳು ಪ್ರವಾಸಿ, ಅವಳದು ಅಭಿರುಚಿ. ಮೂರು ಬಸ್ಸು ಬದಲಿಸಿ ನಿದ್ದೆಗೆಟ್ಟು ಬಂದವಳು ಅಲೆಮಾರಿ, ಅವಳದು ಬಿಟ್ಟಿ ಚಪಲ. ಎಪ್ಪತ್ತು ವರ್ಷ ಕಾದು ಬಂದವಳಿಗಿಂತ ದೊಡ್ಡ ಅಭಿರುಚಿ ಯಾರದಿದ್ದೀತು, ನೀವೇ ಹೇಳಿ.

ಸರಕಾರದ ಮನಸ್ಸೂ ಬಹಳ ಬೇರೆಯಲ್ಲ. ನಮ್ಮ ರಾಜ್ಯದ ಪ್ರವಾಸೋದ್ಯಮ ನಿಗಮ 2008ರಲ್ಲಿ ಐಷಾರಾಮಿ ರೈಲೊಂದನ್ನು ಬಿಟ್ಟಿತು, ನೆನಪಿದೆಯೆ? ಹಂಪೆಯ ಕಲ್ಲಿನ ರಥದ ಮೇಲೆಯೇ ಅದಕ್ಕೆ ‘ಗೋಲ್ಡನ್ ಚಾರಿಯಟ್’ ಎಂದು ಹೆಸರು. ಕಲ್ಲಿನದು ಚಿನ್ನದ್ದಾಯಿತು. ಅದರ ಟಿಕೀಟಿನ ಲೆಕ್ಕ ಲಕ್ಷಗಳಲ್ಲಿ. ಕಲ್ಲಿನ ರಥವಾದರೋ ಇಂದಿಗೂ ನಲವತ್ತು ರೂಪಾಯಿಯ ಟಿಕೀಟಿಗೆ ಕಾಣಸಿಗುತ್ತದೆ, 2017ರಿಂದ ಐವತ್ತು ರೂಪಾಯಿಯ ನೋಟಿನ ಮೇಲೂ ಕೂತಿದೆ. ದುಡ್ಡಿದ್ದ ಪ್ರವಾಸಿ ಬರಬೇಕು, ಕಡಿಮೆ ಜನ ಬಂದು ಹೆಚ್ಚು ಖರ್ಚು ಮಾಡಬೇಕು ಎನ್ನುವ ಮಾತು ಈಗ ದೇಶದೇಶಗಳ ಪ್ರವಾಸೋದ್ಯಮದ ಮಂತ್ರ. ಲೆಕ್ಕದ ಮಟ್ಟಿಗೆ ಸರಿಯೇ ಇರಬಹುದು. ಆದರೆ ‘ಕಡಿಮೆ ಜನ’ ಎಂದಾಗ ಕಡಿಮೆಯಾಗುವ ಜನ ಯಾರು? ನನ್ನ ಅವ್ವ ತಾನೆ?

ಮಗಳು ನನ್ನೊಡನೆ ಜಗಳಕ್ಕೇ ನಿಂತಳು. ಜನ ಹೆಚ್ಚಾದರೆ ಸ್ಮಾರಕ ಹಾಳಾಗುತ್ತದೆ, 2019ರಲ್ಲಿ ಹುಡುಗರು ಕಂಬ ಉರುಳಿಸಿದ ವಿಡಿಯೋ ನೋಡಲಿಲ್ಲವೆ ಎಂದಳು. ನೋಡಿದ್ದೇನೆ. ಕೋರ್ಟು ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿ, ಅವರ ಕೈಯಿಂದಲೇ ಆ ಕಂಬವನ್ನು ಎತ್ತಿ ನಿಲ್ಲಿಸಿತು. ಅಂಥ ಚೆಂದದ ಶಿಕ್ಷೆಯನ್ನು ನಾನು ಮೂವತ್ತೆರಡು ವರ್ಷದ ಮೇಷ್ಟರಿಕೆಯಲ್ಲಿ ಕೊಟ್ಟಿಲ್ಲ. ಸಪ್ತಸ್ವರದ ಕಂಬಗಳನ್ನು ಬಡಿಬಡಿದು ನೋಡಿ, ಈಗ ಮುಟ್ಟುವಂತಿಲ್ಲವೆಂದು ಕಟ್ಟು ಮಾಡಬೇಕಾಗಿ ಬಂದದ್ದೂ ನಿಜ. ಕಲ್ಲಿಗೂ ಕಾವಲು ಬೇಕು, ಒಪ್ಪಿದೆ. ಆದರೆ ಕಾವಲು ಹಾಕುವುದು ಬೇರೆ, ಬರುವವರಲ್ಲಿ ದುಡ್ಡಿಲ್ಲದವರನ್ನು ಮಾತ್ರ ಗದ್ದಲ ಎಂದು ಎಣಿಸುವುದು ಬೇರೆ.

ಮತ್ತೊಂದು ಅವಳ ಪ್ರಶ್ನೆ ಗಟ್ಟಿಯಾಗಿತ್ತು. “ಒಂಟಿ ಹೆಂಗಸರಿಗೆ ಹೊರಗೆ ರಕ್ಷಣೆ ಎಲ್ಲಿದೆ? ರೆಸಾರ್ಟಿನ ಗೋಡೆಯೊಳಗಾದರೂ ನಿಶ್ಚಿಂತೆ.” ಇದಕ್ಕೆ ನಾನು ಆಗ ಉತ್ತರ ಕೊಡಲಿಲ್ಲ. ಮೂರು ತಿಂಗಳ ಮೇಲೆ, 2025ರ ಮಾರ್ಚ್‌ನಲ್ಲಿ, ಹೊಳೆಯಾಚೆಯ ಸಣಾಪುರದ ಬಳಿ ಕಾಲುವೆ ದಂಡೆಯ ಮೇಲೆ ರಾತ್ರಿ ನಕ್ಷತ್ರ ನೋಡುತ್ತ ಕುಳಿತಿದ್ದ ಇಬ್ಬರು ಹೆಂಗಸರ ಮೇಲೆ ನಡೆದ ಘೋರವನ್ನು ಓದಿದಾಗ ಕೈ ನಡುಗಿತು. ಜೊತೆಗಿದ್ದ ಒಬ್ಬ ಯುವಕನ ಜೀವವೂ ಹೋಯಿತು. ಮಗಳು ಫೋನು ಮಾಡಿ, “ಈಗೇನು ಹೇಳ್ತೀ?” ಎಂದಳು. ಹೇಳುವುದು ಇಷ್ಟೆ: ರಕ್ಷಣೆಯನ್ನು ಗೋಡೆಯೊಳಗೆ ರಾತ್ರಿಗಿಷ್ಟೆಂದು ಮಾರುವ ಊರಿನಲ್ಲಿ, ಗೋಡೆಯ ಹೊರಗಿನ ಕತ್ತಲೆಗೆ ದೀಪ ಹಚ್ಚಬೇಕೆಂದು ಕೇಳುವ ದೊಡ್ಡವರು ಉಳಿಯುವುದಿಲ್ಲ. ಕೇಳಬಲ್ಲವರೆಲ್ಲ ಗೋಡೆಯ ಒಳಗಿರುತ್ತಾರೆ. 1968ರಲ್ಲಿ ನಮ್ಮನ್ನು ಕಾದದ್ದು ಯಾವ ಗೋಡೆ? ಪಕ್ಕದ ಮಂಟಪದಲ್ಲಿ ಒಲೆ ಹಚ್ಚಿಕೊಂಡಿದ್ದ ಆ ಸಂಸಾರ. ಅಲ್ಲಿ ಜನ ಇದ್ದರು, ಅದಕ್ಕೇ ಭಯವಿರಲಿಲ್ಲ.

ಆ ಜನ ಎಲ್ಲಿ ಹೋದರು ಎಂಬುದು ನಿಮಗೆ ತಿಳಿದಿರಬಹುದು. 2011ರ ಜುಲೈ ಕೊನೆಯಲ್ಲಿ ಬಜಾರಕ್ಕೆ ಜೆಸಿಬಿ ಬಂತು. ಮಂಟಪಗಳಲ್ಲಿ ಅಂಗಡಿ, ಖಾನಾವಳಿ, ಮನೆ ಮಾಡಿಕೊಂಡಿದ್ದ ಮುನ್ನೂರರಷ್ಟು ಕುಟುಂಬಗಳು ಹೊರಬಿದ್ದವು. ಅವರಿಗೆ ತೋರಿಸಿದ ಜಾಗ ಕೆಲವು ಕಿಲೋಮೀಟರ್ ದೂರದ ಕಡ್ಡಿರಾಂಪುರ. ಕಂಬಗಳ ನಡುವೆ ಸಿಮೆಂಟಿನ ಗೋಡೆ ಎಬ್ಬಿಸಿ, ಮಾಳಿಗೆ ಏರಿಸಿ, ಪಾರಂಪರಿಕ ಬೀದಿಯನ್ನು ಅಂದಗೆಡಿಸಿದ್ದರು ಎನ್ನುವುದು ಸುಳ್ಳಲ್ಲ, ನಾನೇ ಕಂಡಿದ್ದೇನೆ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾಗಿ ವಿರೂಪಾಪುರಗಡ್ಡೆಯ ಗುಡಿಸಲು ರೆಸಾರ್ಟುಗಳೂ ನೆಲಸಮವಾದವು. ಕಾನೂನಿನ ಪ್ರಕಾರ ಅದೂ ಸರಿಯೇ. ಆನೆಗೊಂದಿಯವರಿಗೆ ಹೊಳೆ ದಾಟಲು ಕಟ್ಟುತ್ತಿದ್ದ ಸೇತುವೆಯಿಂದ ಪರಂಪರೆಗೆ ಧಕ್ಕೆ ಎಂದು 1999ರಲ್ಲಿ ಯುನೆಸ್ಕೋ ಹಂಪೆಯನ್ನು ಅಪಾಯದ ಪಟ್ಟಿಗೆ ಹಾಕಿತ್ತು, 2006ರಲ್ಲಿ ತೆಗೆಯಿತು. ಆ ಸೇತುವೆ 2009ರಲ್ಲಿ ಕುಸಿದು ಕೂಲಿಗಳು ಸತ್ತರು. ಒಂದೊಂದಕ್ಕೂ ಒಂದೊಂದು ನ್ಯಾಯವಾದ ಕಾರಣವಿದೆ. ಎಲ್ಲ ಕಾರಣಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ವಿಚಿತ್ರ: ನಿಜವಾದ ಮಂಟಪದಲ್ಲಿ ಬಡವರು ಮಲಗಿದರೆ ಪರಂಪರೆಗೆ ಅಪಾಯ, ಗೆರೆಯ ಆಚೆ ಸುಳ್ಳು ಮಂಟಪ ಕಟ್ಟಿ ಸಾಹುಕಾರರನ್ನು ಮಲಗಿಸಿದರೆ ಪರಂಪರೆಯ ಅನುಭವ.

ಇದು ಹಂಪೆಯೊಂದರ ಕತೆಯಲ್ಲ. ಜೋರ್ಡಾನಿನ ಪೆಟ್ರಾದಲ್ಲಿ ಗುಹೆಗಳಲ್ಲಿ ಬಾಳುತ್ತಿದ್ದ ಬ್‌ದೂಲ್ ಬುಡಕಟ್ಟಿನವರನ್ನು 1985ರ ಹೊತ್ತಿಗೆ ಊರಾಚೆಯ ಹೊಸ ವಸತಿಗೆ ಸಾಗಿಸಿದರು. ಅದೇ ವರ್ಷ ಪೆಟ್ರಾ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಾಂಬೋಡಿಯದ ಅಂಕೋರ್‌ನಿಂದ ಈಚೆಗೆ, 2022ರಿಂದೀಚೆಗೆ, ಸಾವಿರಾರು ಕುಟುಂಬಗಳು ಎದ್ದುಹೋಗಿವೆ. ಪೆರುವಿನ ಮಾಚು ಪಿಚುವಿನಲ್ಲಂತೂ ಐಷಾರಾಮಿ ಹೋಟೆಲೊಂದು ದ್ವಾರಕ್ಕೇ ಅಂಟಿಕೊಂಡಿದೆ.

ಕೋಣೆ ಗುಡಿಸಲು ಬರುತ್ತಿದ್ದಾಕೆಯ ವಿಷಯ ಹೇಳದಿದ್ದರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ. ಆಕೆಗೆ ನಲವತ್ತರ ಮೇಲೆ. ನಾನು ಕನ್ನಡದಲ್ಲಿ ಮಾತಾಡಿಸಿದಾಗ ಮೊದಲು ಗಾಬರಿಯಾಗಿ, ಆಮೇಲೆ ಬಾಗಿಲು ಓರೆ ಮಾಡಿ ಕಾಲುಚಾಪೆಯ ಮೇಲೆ ಕುಳಿತಳು. ಅವಳ ಅತ್ತೆ ಬಜಾರದ ಮಂಟಪದಲ್ಲಿ ಇಡ್ಲಿ, ಮಂಡಾಳ ಒಗ್ಗರಣೆಯ ಹೋಟೆಲು ಇಟ್ಟಿದ್ದಳಂತೆ. 2011ರಲ್ಲಿ ಕಡ್ಡಿರಾಂಪುರಕ್ಕೆ ಹೋದ ಮೇಲೆ ಅತ್ತೆ ಎರಡು ವರ್ಷವೂ ಬದುಕಲಿಲ್ಲ. ಅಯ್ಯೋ ಪಾಪ ಎಂದು ನಾನು ಮುಖ ಸಣ್ಣ ಮಾಡಿದೆ. ಅವಳು ಮಾತ್ರ ನನ್ನ ಕನಿಕರಕ್ಕೆ ಕಾಯುತ್ತಿರಲಿಲ್ಲ. “ಇಲ್ಲಿ ತಿಂಗಳಾ ತಿಂಗಳಾ ಪಗಾರ ಬರತೈತ್ರಿ ಅಕ್ಕಾರ. ಪಿಎಫ್ ಹಿಡೀತಾರ. ಅಲ್ಲಿ ಮಳಿಗಾಲದಾಗ ಒಂದು ಪ್ಲೇಟು ಇಡ್ಲಿ ಹೋಗತಿರಲಿಲ್ಲ. ಹೊಗಿಯಾಗ ನಮ್ಮತ್ತಿ ಕಣ್ಣು ಹೋದವು” ಎಂದಳು. ಮಗಳನ್ನು ಹೊಸಪೇಟೆಯಲ್ಲಿ ಡಿಗ್ರಿ ಓದಿಸುತ್ತಿದ್ದಾಳೆ. ರೆಸಾರ್ಟು ಮುಚ್ಚಿಹೋಗಲಿ ಎಂದು ಶಾಪ ಹಾಕುವ ಹಕ್ಕು ನನಗಿಲ್ಲ ಎಂದು ಆಗ ತಿಳಿಯಿತು. “ಹಂಗಂದ್ರ ಹೋಟೆಲ್ ಹೋದದ್ದು ಛಲೋನೇ ಆತೇನು?” ಎಂದು ಕೇಳಿದೆ. ಬಹಳ ಹೊತ್ತು ಹಾಸಿಗೆಯ ಚಾದರದ ಅಂಚು ಸರಿಮಾಡಿ, “ಅಲ್ಲಿ ಗಲ್ಲಾ ನಮ್ಮದಿತ್ತರಿ” ಎಂದಳು.

ಮುಚ್ಚುವುದು ಬೇಡ. ಆದರೆ ಕೇಳುವುದನ್ನು ಕೇಳಬೇಕು. ಹಂಪೆಯ ಹೆಸರನ್ನು ಮಾರಿ ರಾತ್ರಿಗೆ ಹತ್ತಾರು ಸಾವಿರ ಎಣಿಸುವವರು ರಾತ್ರಿಯೊಂದಕ್ಕೆ ಇಷ್ಟೆಂದು ಹಂಪೆಗೇ ಕೊಡಲಿ, ಆ ದುಡ್ಡು ಮೊದಲು ಹೆಂಗಸರ ಶೌಚಾಲಯಕ್ಕೆ, ಹೊಳೆಯಲ್ಲಿ ಮಿಂದವರು ಸೀರೆ ಬದಲಿಸುವ ಮರೆಗೆ, ಕುಡಿಯುವ ನೀರಿಗೆ, ನೆರಳಿಗೆ, ದಾರಿದೀಪಕ್ಕೆ ಹೋಗಲಿ. ಬಸ್ಸಿನಲ್ಲಿ ಬಂದವರು ಒಂದು ರಾತ್ರಿ ಬೆನ್ನು ಚಾಚಲು ಗೆರೆಯಾಚೆ ಹೆಂಗಸರದೇ ಒಂದು ಛತ್ರವಾಗಲಿ. ರೆಸಾರ್ಟುಗಳನ್ನು ಗೆರೆಯಾಚೆ ಕಟ್ಟಬಹುದಾದರೆ ಛತ್ರವನ್ನೇಕೆ ಕಟ್ಟಬಾರದು? ಅದರ ಅಡುಗೆಮನೆಯನ್ನು ಬಜಾರದಿಂದ ಎದ್ದುಹೋದವರ ಮನೆಯ ಹೆಂಗಸರಿಗೆ ಕೊಡಲಿ, ಗಲ್ಲಾ ಸಮೇತ. ಇದೇನು ಆಗದ ಮಾತಲ್ಲ. ವಿಠ್ಠಲ ದೇವಾಲಯದ ದಾರಿಯಲ್ಲಿ ಬ್ಯಾಟರಿ ಗಾಡಿಗಳನ್ನು ಊರ ಹುಡುಗಿಯರ ಕೈಗೆ ಕೊಟ್ಟಾಗಲೂ ಆಗದು ಅಂದವರಿದ್ದರು. ಎಷ್ಟು ಠೀವಿಯಿಂದ ಓಡಿಸುತ್ತಾರೆ! ನನ್ನ ಮೊಣಕಾಲು ಅವರಿಗೆ ಋಣಿ.

ಇನ್ನು ಪುರಸೊತ್ತಿರುವ, ಕೈಯಲ್ಲಿ ನಾಲ್ಕು ಕಾಸಿರುವ ನಮ್ಮಂಥ ಪೇಟೆಯ ಹೆಂಗಸರಿಗೂ ಒಂದು ಮಾತಿದೆ. ಏಕಾಂತ, ಪ್ರಶಾಂತ, ಜನಜಂಗುಳಿಯಿಂದ ದೂರ ಎಂಬ ಜಾಹೀರಾತು ಓದುವಾಗ ಆ ಜಂಗುಳಿ ಎಂದರೆ ಯಾರೆಂದು ಒಮ್ಮೆ ಕೇಳಿಕೊಳ್ಳಿ. ನಾನು ಕೇಳಿಕೊಂಡೆ. ಅದರಲ್ಲಿ ನನ್ನ ಅವ್ವ ಇದ್ದಳು, ನನ್ನ ಅರವತ್ತು ಹುಡುಗಿಯರಿದ್ದರು, ಒಂಬತ್ತು ವರ್ಷದ ನಾನೂ ಇದ್ದೆ. ನನ್ನಂಥವರ ಗೈರುಹಾಜರಿಯನ್ನೇ ಮಗಳ ದುಡ್ಡಿಗೆ ನನಗೆ ಮಾರಿದ್ದರು.

ಹೊರಡುವ ಬೆಳಿಗ್ಗೆ ಆಕೆ ಮತ್ತೆ ಬಂದಳು. ಆ ವಾರ ರೆಸಾರ್ಟಿನಲ್ಲಿ ಯಾವುದೋ ದೊಡ್ಡವರ ಮದುವೆಯಿದ್ದು ರಜೆ ಸಿಕ್ಕಿರಲಿಲ್ಲವಂತೆ, ಫಲಪೂಜೆಗೂ ಹೋಗಲಾಗಿರಲಿಲ್ಲ. ಸೆರಗಿನಿಂದ ಹತ್ತರ ನೋಟೆರಡು ಬಿಚ್ಚಿ, “ನೀವು ಹೋಗೂ ದಾರ್‍ಯಾಗ ನಂದೊಂದು ಕಾಯಿ ಒಡಿಸಿ ಹೋಗ್ರಿ” ಎಂದಳು. ಅವಳ ಊರಿನ ದೇವರಿಗೆ ಅವಳ ಕಾಯಿಯನ್ನು ಗದಗಿನ ನಾನು ಒಡೆಸಬೇಕು! ಮಗಳಿಗೆ ಬೆಂಗಳೂರಿನ ದಾರಿಗೆ ಹೊತ್ತಾಗುತ್ತಿತ್ತು, ಆದರೂ ಏನೂ ಅನ್ನದೆ ಕಾರು ತಿರುಗಿಸಿದಳು. ಗುಡಿಯ ಹೊರಗೆ ನಮ್ಮ ಚಪ್ಪಲಿ ಕಾಯುತ್ತ ಬಿಸಿಲಿನಲ್ಲಿ ನಿಂತಳು. ಕಾಯಿ ಎರಡು ಸಮನಾದ ಹೋಳಾಯಿತು. ಒಂದು ಹೋಳನ್ನು ಅಲ್ಲೇ ಕುಳಿತಿದ್ದ ಮಕ್ಕಳಿಗೆ ಹಂಚಿದೆ, ಇನ್ನೊಂದು ಗದಗಿಗೆ ಬಂತು.

ಬರುವ ಚೈತ್ರದ ತೇರಿಗೆ ನಮ್ಮ ಓಣಿಯ ನಾಲ್ವರು ಹೋಗುವುದೆಂದು ಮಾತಾಗಿದೆ. ಬಸ್ಸಿನಲ್ಲಿಯೇ. ಕಟಕ ರೊಟ್ಟಿ ಮಾಡುವ ಕೆಲಸ ನನ್ನದು, ಹಿಂಡಿ ಎದುರುಮನೆಯವರದು. ಮಗಳೂ ಬರುತ್ತೇನೆ ಎಂದಿದ್ದಾಳೆ, ರಾತ್ರಿ ಎಲ್ಲಿ ಮಲಗುವುದು ಎಂದು ಎರಡು ಸಲ ಫೋನು ಮಾಡಿ ಕೇಳಿದ್ದಾಳೆ. ಇನ್ನೂ ಗೊತ್ತಿಲ್ಲ ಎಂದಿದ್ದೇನೆ. ಮೊಣಕಾಲಿಗೆ ಈಗಿನಿಂದಲೇ ಎಣ್ಣೆ ತಿಕ್ಕುತ್ತಿದ್ದೇನೆ.